ಸೇರೇ ಕುಗ್ಗಿದರೆ ಜೋಳ ಅಳೆಯುವುದು ಹೇಗೆ: ಎಡಿಸಿ, ಡ್ಯಾಕ್‌ಗಳಿಗೆ ವೋಲ್ಟೇಜ್ ರೆಫರೆನ್ಸ್ ಆರಿಸುವ ಸಮಗ್ರ ಮಾರ್ಗದರ್ಶಿ

ಹೋದ ವರ್ಷ ಏಪ್ರಿಲ್, ಮಧ್ಯಾಹ್ನ ಎರಡೂವರೆ ಸುಮಾರು. ಗದಗ ತಾಲೂಕಿನ ಒಂದು ಊರಿನ ನೀರಗಂಟಿಯ ಫೋನು.

"ಸರ, ನಿಮ್ಮ ಮಷೀನ್ ಮುಂಜಾನಿ ಟಾಕ್ಯಾಗ ನಾಕು ಮೀಟರ್ ನೀರು ಐತಿ ಅಂತು. ಈಗ ನಾಕು ಮೀಟರ್ ನಾಕು ಸೆಂಟಿ ಅನ್ನಾಕತ್ತೈತಿ. ಮೋಟರ್ ಹಚ್ಚಿಲ್ಲ, ವಾಲ್ವ್ ಬಿಟ್ಟಿಲ್ಲ. ಹಗ್ಗ ಬಿಟ್ಟು ನೋಡೀನಿ, ನೀರು ಇದ್ದಷ್ಟ ಐತಿ. ಮಷೀನಿನ್ಯಾಗಷ್ಟ ಹೆಂಗ ಏರತೈತ್ರಿ?"

ಆ ಮಷೀನು ಹುಬ್ಬಳ್ಳಿಯ ಗೋಕುಲ ರಸ್ತೆಯ ನನ್ನ ಮೇಜಿನ ಮೇಲೆ ಹುಟ್ಟಿದ್ದು. ಐದು ಮೀಟರ್ ಆಳ ಅಳೆಯುವ 4-20 ಮಿಲಿಆಂಪ್ ಸೆನ್ಸರ್ (ನೀರಿಲ್ಲದಾಗ 4, ಐದು ಮೀಟರಿಗೆ 20), 200 ಓಮ್ ರೆಸಿಸ್ಟರ್, 12 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್ಪು), ಒಂದು ಮೋಡೆಮ್. ಮೇಜಿನ ಮೇಲೆ ಎಲ್ಲ ಸರಿ ಇತ್ತು. ಮರುದಿನ ಬಸ್ಸು ಹಿಡಿದು ಹೋಗಿ ನೋಡಿದರೆ ಟಾಕಿಯ ಪಡುವಣ ಗೋಡೆಗೆ ಹೊಡೆದ ತಗಡಿನ ಡಬ್ಬಿ, ಅದರೊಳಗೆ 58 ಡಿಗ್ರಿ. 7805 ರೆಗ್ಯುಲೇಟರಿನ ಔಟ್‌ಪುಟ್ ನನ್ನ ಮೇಜಿನ ಮೇಲೆ 5.01 ವೋಲ್ಟ್ ಇದ್ದದ್ದು ಅಲ್ಲಿ 4.97ಕ್ಕೆ ಇಳಿದಿತ್ತು. ಆ ಐದು ವೋಲ್ಟನ್ನೇ ನಾನು ಎಡಿಸಿಯ ರೆಫರೆನ್ಸ್ ಪಿನ್ನಿಗೂ, ಅಂದರೆ ಅದು ಅಳತೆಗೋಲಾಗಿ ಹಿಡಿಯುವ ವೋಲ್ಟೇಜಿನ ಪಿನ್ನಿಗೂ, ಕೊಟ್ಟಿದ್ದೆ. 7805 ಏನೂ ಕೆಟ್ಟಿರಲಿಲ್ಲ. ತಾನು 4.8ರಿಂದ 5.2ರ ನಡುವೆ ಎಲ್ಲಾದರೂ ಇರುತ್ತೇನೆ ಎಂದು ಅದರ ಡೇಟಾಶೀಟೇ (ತಯಾರಕರು ಕೊಡುವ ಗುಣವಿವರದ ಪಟ್ಟಿ) ಹೇಳುತ್ತದೆ. ಬೋರ್ಡಿಗೆ ಕರೆಂಟು ಕೊಡುವುದಷ್ಟೇ ಅದರ ಕೆಲಸ. ಅಳತೆಯ ಕೆಲಸಕ್ಕೆ ಅದನ್ನು ಹಚ್ಚಿದ್ದು ನನ್ನ ತಪ್ಪು.

ಆ ಬೋರ್ಡನ್ನು ಮತ್ತೆ ಮಾಡುವಾಗ ನಾನು ಹೋದ ದಾರಿಯನ್ನೇ ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ. ಡೇಟಾಶೀಟಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿರುವ "ಶೇ. 0.1 ನಿಖರತೆ" ನೋಡಿ ರೆಫರೆನ್ಸ್ ಕೊಳ್ಳುವವರೇ ಹೆಚ್ಚು. ಆ ಅಂಕಿಯ ಸರದಿ ಬರುವುದು ಬಹಳ ತಡವಾಗಿ.

ಮೊದಲು, ರೆಫರೆನ್ಸ್ ಮಾಡುವ ಕೆಲಸ ಏನು

ಎಡಿಸಿಗೆ ವೋಲ್ಟ್ ಅಂದರೆ ಏನೆಂದು ಗೊತ್ತಿಲ್ಲ. ಒಳಬಂದ ವೋಲ್ಟೇಜು ರೆಫರೆನ್ಸಿನ ಎಷ್ಟು ಪಾಲು ಎಂದಷ್ಟೇ ಅದು ಹೇಳುತ್ತದೆ. 12 ಬಿಟ್ ಎಡಿಸಿಯಾದರೆ ರೆಫರೆನ್ಸನ್ನು 4096 ಪಾಲು ಮಾಡಿ, ಒಳಬಂದದ್ದರಲ್ಲಿ ಅಂಥವು ಎಷ್ಟು ಎಂದು ಎಣಿಸಿ ಕೊಡುತ್ತದೆ. ಸೇರಿನಿಂದ ಜೋಳ ಅಳೆದಂತೆ. ಸೇರೇ ಕುಗ್ಗಿದರೆ ಅದೇ ರಾಶಿ ಹೆಚ್ಚು ಸೇರು ತೂಗುತ್ತದೆ, ರಾಶಿ ಬೆಳೆದಿರುವುದಿಲ್ಲ. ನೀರಗಂಟಿಯ ನಾಲ್ಕು ಸೆಂಟಿಮೀಟರ್ ಬಂದದ್ದು ಹೀಗೆಯೇ. ನಾಲ್ಕು ಮೀಟರ್ ನೀರಿಗೆ ಸೆನ್ಸರ್ 16.8 ಮಿಲಿಆಂಪ್ ಕೊಡುತ್ತದೆ, 200 ಓಮ್ ಮೇಲೆ ಅದು 3.36 ವೋಲ್ಟ್. ರೆಫರೆನ್ಸ್ ಶೇ. 0.8 ಕುಗ್ಗಿದಾಗ ಎಡಿಸಿ ಅದನ್ನು 27 ಮಿಲಿವೋಲ್ಟ್ ಹೆಚ್ಚು ಎಂದು ಓದಿತು. ಈ ಜೋಡಣೆಯಲ್ಲಿ 6.4 ಮಿಲಿವೋಲ್ಟಿಗೆ ಒಂದು ಸೆಂಟಿಮೀಟರ್. ಲೆಕ್ಕ ಹಾಕಿ ನೋಡಿ.

ಇಲ್ಲಿ ಇನ್ನೊಂದು ಮಾತು ತಿಳಿದಿರಬೇಕು. ರೆಫರೆನ್ಸಿನ ತಪ್ಪು ಗುಣಾಕಾರದ ತಪ್ಪು. ಸೊನ್ನೆ ವೋಲ್ಟಿನಲ್ಲಿ ಅದು ಕಾಣುವುದೇ ಇಲ್ಲ, ಮೇಲೆ ಹೋದಂತೆ ಬೆಳೆಯುತ್ತದೆ. ಹಾಗಾಗಿ ಇನ್‌ಪುಟ್ಟನ್ನು ಗ್ರೌಂಡಿಗೆ ಮುಟ್ಟಿಸಿ "ಸೊನ್ನೆ ಬಂತು, ಎಲ್ಲ ಸರಿ ಐತಿ" ಎಂದು ಡಬ್ಬಿ ಮುಚ್ಚುವವರಿಗೆ ಇದು ಸಿಕ್ಕಿಬೀಳುವುದಿಲ್ಲ. ಪರೀಕ್ಷೆ ಮಾಡುವುದಿದ್ದರೆ ಪೂರ್ಣ ಅಳತೆಯ ಹತ್ತಿರ ಮಾಡಬೇಕು.

ಹೆಜ್ಜೆ 1: ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳಿ

ಕಿರಾಣಿ ಅಂಗಡಿಯ ಹಳೆಯ ಎರಡು ಪರಡಿಯ ತಕ್ಕಡಿಯನ್ನೂ ಸ್ಪ್ರಿಂಗ್ ತಕ್ಕಡಿಯನ್ನೂ ನೆನಪು ಮಾಡಿಕೊಳ್ಳಿ. ಸ್ಪ್ರಿಂಗು ಹಳತಾಗಿ ಸಡಿಲವಾದರೆ ತೂಕ ತಪ್ಪುತ್ತದೆ. ಎರಡು ಪರಡಿಯದ್ದಕ್ಕೆ ಆ ಚಿಂತೆಯಿಲ್ಲ. ಎರಡೂ ಕಡೆ ಒಂದೇ ಭೂಮಿ ಎಳೆಯುತ್ತದೆ, ಹೋಲಿಕೆ ಮಾತ್ರ ಉಳಿಯುತ್ತದೆ.

ಸರ್ಕ್ಯೂಟುಗಳಲ್ಲೂ ಈ ಎರಡು ಜಾತಿ ಇವೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ನೋಡಿ. ಒಳಗೆ ಲೋಡ್‌ಸೆಲ್ ಎಂಬ ಭಾರದ ಸೆನ್ಸರ್ ಇರುತ್ತದೆ. ಅದಕ್ಕೆ ಕೊಡುವ ವೋಲ್ಟೇಜಿಗೆ ತಕ್ಕಂತೆ ಅದರ ಔಟ್‌ಪುಟ್. ಅದೇ ವೋಲ್ಟೇಜನ್ನು ಎಡಿಸಿಯ ರೆಫರೆನ್ಸಿಗೂ ಕೊಟ್ಟರೆ ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ, ತೂಕ ಅಲ್ಲಾಡುವುದಿಲ್ಲ. ಅಗ್ಗದ ಕಾಟಾಗಳಲ್ಲಿ ಸಿಗುವ 24 ಬಿಟ್‌ನ ಎಚ್‌ಎಕ್ಸ್711 ಚಿಪ್ಪು ಈ ತತ್ವದ ಮೇಲೆಯೇ ನಡೆಯುತ್ತದೆ. ದುಬಾರಿ ರೆಫರೆನ್ಸ್ ಅದರಲ್ಲಿ ಹುಡುಕಿದರೂ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಥರ್ಮಿಸ್ಟರ್, ಪಿಟಿ100 ಎಂಬ ಉಷ್ಣತೆಯ ಸೆನ್ಸರುಗಳು, ತಿರುಗಿಸುವ ಪಾಟ್ ಇವೆಲ್ಲ ಇದೇ ಸಾಲಿನವು. ಸೆನ್ಸರಿಗೆ ಕೊಡುವ ವೋಲ್ಟೇಜೂ ಎಡಿಸಿಯ ರೆಫರೆನ್ಸೂ ಒಂದೇ ತಂತಿಯಿಂದ ಬರುವಂತೆ ನೋಡಿಕೊಂಡರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು. ದುಡ್ಡು ಉಳಿಯಿತು, ಸೀದಾ ಹೆಜ್ಜೆ 6ಕ್ಕೆ ಹೋಗಿ.

ತಾವೇ ಒಂದು ಖಚಿತ ವೋಲ್ಟೇಜ್ ಅಥವಾ ಕರೆಂಟ್ ಹೊರಗೆ ಕೊಡುವ ಸೆನ್ಸರುಗಳಿಗೆ ಮಾತ್ರ ರೆಫರೆನ್ಸ್ ಬೇಕೇ ಬೇಕು. ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವ ಎಲ್‌ಎಂ35, 4-20 ಮಿಲಿಆಂಪ್ ಟ್ರಾನ್ಸ್‌ಮಿಟರುಗಳು, ಬ್ಯಾಟರಿ ಅಥವಾ ಸೋಲಾರ್ ಪ್ಯಾನೆಲಿನ ವೋಲ್ಟೇಜ್ ಈ ಕಡೆಯವು.

ಡ್ಯಾಕ್‌ಗಳ (ಅಂಕಿಯನ್ನು ವೋಲ್ಟೇಜಾಗಿಸುವ ಚಿಪ್ಪುಗಳು) ವಿಷಯದಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ಡ್ರೈವಿಗೆ 0-10 ವೋಲ್ಟ್ ಕೊಟ್ಟು ಮೋಟರಿನ ವೇಗ ಬದಲಿಸಬೇಕು ಎಂದುಕೊಳ್ಳಿ. ಎಂಸಿಪಿ4725 ಎಂಬ ಡ್ಯಾಕ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಅದಕ್ಕೆ ರೆಫರೆನ್ಸ್ ಪಿನ್ನೇ ಇಲ್ಲ, ತನ್ನ ಸಪ್ಲೈ ವೋಲ್ಟೇಜನ್ನೇ ಅಳತೆ ಎಂದು ನಂಬುತ್ತದೆ. ಸಪ್ಲೈ ಅಲ್ಲಾಡಿದರೆ ಮೋಟರೂ ಅಲ್ಲಾಡುತ್ತದೆ. ಎಂಸಿಪಿ4822ರಲ್ಲಿ 2.048 ವೋಲ್ಟಿನ ರೆಫರೆನ್ಸ್ ಒಳಗೇ ಇದೆ. ಹೆಸರು ಅಣ್ಣತಮ್ಮಂದಿರ ಹಾಗಿದ್ದರೂ ಗುಣ ಬೇರೆ.

ಹೆಜ್ಜೆ 2: ಕೈಯಲ್ಲಿರುವ ಚಿಪ್ಪಿನಲ್ಲಿ ಏನಿದೆ ನೋಡಿ

ಆರ್ಡುಯಿನೋ ಉನೋದಲ್ಲಿರುವ ಎಟಿಮೆಗಾ328ಪಿಗೆ 1.1 ವೋಲ್ಟಿನ ಒಳ ರೆಫರೆನ್ಸ್ ಇದೆ. ಹೆಸರಿಗೆ 1.1. ಚಿಪ್ಪಿನಿಂದ ಚಿಪ್ಪಿಗೆ ಅದು 1.0ರಿಂದ 1.2ರವರೆಗೆ ಎಲ್ಲಿಯಾದರೂ ಇರಬಹುದು. ಆದರೆ ಒಂದೇ ಚಿಪ್ಪಿನಲ್ಲಿ ಅದು ಸಾಕಷ್ಟು ಸ್ಥಿರ. ಎಆರ್‌ಇಎಫ್ ಎಂಬ ರೆಫರೆನ್ಸ್ ಪಿನ್ನಿನ ಮೇಲೆ ಒಮ್ಮೆ ಅಳೆದು, ಬಂದ ಅಂಕಿಯನ್ನು ಪ್ರೋಗ್ರಾಮಿನಲ್ಲಿ ಬರೆದುಕೊಂಡರೆ ಎಲ್‌ಎಂ35 ಓದಲು ಇದು ಧಾರಾಳ ಸಾಕು. 5 ವೋಲ್ಟ್ ರೆಫರೆನ್ಸಿನಲ್ಲಿ ಒಂದು ಪಾಲಿಗೆ ಅರ್ಧ ಡಿಗ್ರಿ, 1.1 ವೋಲ್ಟಿನಲ್ಲಿ ಸುಮಾರು 0.1 ಡಿಗ್ರಿ. ಮೆಣಸಿನಕಾಯಿಯ ಶೀತಲಗೃಹಕ್ಕೆ ಇದಕ್ಕಿಂತ ಹೆಚ್ಚೇನು ಬೇಕು?

ಎಚ್ಚರ ಒಂದೇ. ಹೊರಗಿನ ರೆಫರೆನ್ಸನ್ನು ಎಆರ್‌ಇಎಫ್ ಪಿನ್ನಿಗೆ ಹಚ್ಚುವುದಿದ್ದರೆ, ಮೊದಲ ರೀಡಿಂಗ್ ತೆಗೆಯುವ ಮೊದಲೇ ಪ್ರೋಗ್ರಾಮಿನಲ್ಲಿ "ಹೊರಗಿನದು" ಎಂದು ಹೇಳಿರಬೇಕು. ಇಲ್ಲದಿದ್ದರೆ ಒಳಗಿನ ವೋಲ್ಟೇಜೂ ಹೊರಗಿನದೂ ತಲೆಗೆ ತಲೆ ಹಚ್ಚಿ ಚಿಪ್ಪು ಸುಡಬಹುದು.

ಇಎಸ್‌ಪಿ32ರ ರೆಫರೆನ್ಸೂ ಹೆಸರಿಗೆ 1100 ಮಿಲಿವೋಲ್ಟ್, ನಿಜದಲ್ಲಿ 1000ದಿಂದ 1200. ಹೊರಗಿನಿಂದ ಕೊಡಲು ಪಿನ್ನೂ ಇಲ್ಲ. ಅದರ ಎಡಿಸಿಯನ್ನು ನಂಬಿ ಬಿಲ್ ಆಗುವಂಥ ಅಳತೆ ಮಾಡಬೇಡಿ. ಪಕ್ಕದಲ್ಲಿ ಬೇರೆ ಎಡಿಸಿ ಹಾಕಿ. ಎಸ್‌ಟಿಎಂ32ರ ದೊಡ್ಡ ಪ್ಯಾಕೇಜುಗಳಲ್ಲಿ ರೆಫರೆನ್ಸಿಗೆ ಪ್ರತ್ಯೇಕ ಪಿನ್ ಇದೆ, ಸಣ್ಣವುಗಳಲ್ಲಿ ಅದನ್ನು ಅನಲಾಗ್ ಸಪ್ಲೈಗೆ ಒಳಗೇ ಕಟ್ಟಿರುತ್ತಾರೆ. ಬೋರ್ಡಿನ ನಕ್ಷೆ ಬಿಡಿಸುವ ಮೊದಲೇ ನೋಡಿಕೊಳ್ಳಿ.

ನನ್ನ ಟಾಕಿಯ ಬೋರ್ಡಿನಲ್ಲಿ ಎಂಸಿಪಿ3208 ಎಂಬ ಎಡಿಸಿ ಇತ್ತು. ಅದರೊಳಗೆ ರೆಫರೆನ್ಸ್ ಇಲ್ಲ, ಹೊರಗಿನಿಂದಲೇ ಕೊಡಬೇಕು.

ಹೆಜ್ಜೆ 3: ಎಷ್ಟು ವೋಲ್ಟಿನದು

ನಿಮ್ಮ ಸಿಗ್ನಲಿನ ಗರಿಷ್ಠಕ್ಕಿಂತ ಸ್ವಲ್ಪವೇ ಮೇಲಿರುವುದನ್ನು ಆರಿಸಿ. ಪಾವು ಕಾಳಿಗೆ ಹೇರು ಅಳೆಯುವ ಪಾತ್ರೆ ಹಿಡಿದರೆ ತಳದಲ್ಲೇ ಉಳಿಯುತ್ತದೆ, ಗೆರೆ ಯಾವುದೆಂದು ತಿಳಿಯುವುದಿಲ್ಲ. ನನ್ನ ಸಿಗ್ನಲ್ 0.8ರಿಂದ 4.0 ವೋಲ್ಟ್, ಹಾಗಾಗಿ 4.096 ವೋಲ್ಟ್ ಆರಿಸಿದೆ. ಈ ವಿಚಿತ್ರ ಅಂಕಿಗೆ ಕಾರಣವಿದೆ: 4096 ಪಾಲಿಗೆ ಒಂದೊಂದು ಪಾಲು ಸರಿಯಾಗಿ ಒಂದು ಮಿಲಿವೋಲ್ಟ್. 2.048ರಲ್ಲಿ ಅರ್ಧ ಮಿಲಿವೋಲ್ಟ್. ಪ್ರೋಗ್ರಾಮಿನಲ್ಲಿ ದಶಮಾಂಶದ ತಲೆನೋವು ತಪ್ಪುತ್ತದೆ.

ಸಪ್ಲೈ ಮತ್ತು ರೆಫರೆನ್ಸಿನ ನಡುವೆ ಎಷ್ಟು ಅಂತರ ಬೇಕೆಂದು ಡೇಟಾಶೀಟಿನಲ್ಲಿ ನೋಡಿ. ಬ್ಯಾಟರಿ ಇಳಿದು 5 ವೋಲ್ಟಿನ ಸಾಲು 4.5ಕ್ಕೆ ಬಂದ ರಾತ್ರಿಯೂ 4.096 ನಿಲ್ಲಬೇಕಲ್ಲ. 3.3 ವೋಲ್ಟಿನ ಬೋರ್ಡಿನಲ್ಲಿ 4.096 ಹಾಕಲು ಹೊರಟವರನ್ನೂ ನೋಡಿದ್ದೇನೆ.

ಹೆಜ್ಜೆ 4: ತಪ್ಪಿನ ಲೆಕ್ಕಪತ್ರ

ಇಡೀ ಕೆಲಸದ ಜೀವ ಇಲ್ಲಿದೆ. ಕಾಗದ, ಪೆನ್ನು ತೆಗೆದುಕೊಂಡು ಕುಳಿತುಕೊಳ್ಳಿ.

ನಾನು ಮೊದಲು ಬರೆದುಕೊಂಡದ್ದು: ಬಿಸಿಲು ಚಳಿಯಿಂದಾಗಿ ನನ್ನ ಬೋರ್ಡು ಒಂದು ಸೆಂಟಿಮೀಟರಿಗಿಂತ ಹೆಚ್ಚು ತಪ್ಪಬಾರದು. ಒಂದು ಸೆಂಟಿಮೀಟರ್ 6.4 ಮಿಲಿವೋಲ್ಟ್. 4 ವೋಲ್ಟಿಗೆ ಹೋಲಿಸಿದರೆ ಶೇ. 0.16, ಅಂದರೆ ಹತ್ತು ಲಕ್ಷಕ್ಕೆ 1600 ಪಾಲು, 1600 ಪಿಪಿಎಂ. ಇದು ನನ್ನ ಜೇಬಿನಲ್ಲಿರುವ ದುಡ್ಡು. ಇದನ್ನು ರೆಫರೆನ್ಸಿಗೂ ರೆಸಿಸ್ಟರಿಗೂ ಹಂಚಬೇಕು.

ಎರಡನೆಯದು ಉಷ್ಣತೆಯ ಏರಿಳಿತ. ಇದನ್ನು ಮೇಜಿನ ಮುಂದೆ ಕುಳಿತು ಊಹಿಸಬೇಡಿ. ಡಿಸೆಂಬರಿನ ನಸುಕಿನಲ್ಲಿ ಗದಗ ಸೀಮೆಯಲ್ಲಿ 15 ಡಿಗ್ರಿ ಹಿಡಿಯಿರಿ. ಏಪ್ರಿಲ್ ಮಧ್ಯಾಹ್ನ ಹೊರಗೆ 38 ಇದ್ದರೆ ತಗಡಿನ ಡಬ್ಬಿಯೊಳಗೆ 60. ನಾನು ಬೋರ್ಡನ್ನು 30 ಡಿಗ್ರಿಯಲ್ಲಿ ಹೊಂದಿಸುತ್ತೇನೆ (ಕ್ಯಾಲಿಬ್ರೇಟ್ ಮಾಡುತ್ತೇನೆ). ಅಲ್ಲಿಂದ ಮೇಲಕ್ಕೆ 30 ಡಿಗ್ರಿ, ಕೆಳಕ್ಕೆ 15. ದೊಡ್ಡದನ್ನು ಹಿಡಿದು ಲೆಕ್ಕ ಮಾಡೋಣ.

ರೆಫರೆನ್ಸ್ ಒಂದು ಡಿಗ್ರಿಗೆ 100 ಪಿಪಿಎಂ ಸರಿಯುವಂಥದ್ದಾದರೆ 30 ಡಿಗ್ರಿಗೆ 3000 ಪಿಪಿಎಂ. ಸುಮಾರು ಎರಡು ಸೆಂಟಿಮೀಟರ್, ಜೇಬು ಖಾಲಿ, ಮೇಲೆ ಸಾಲ. 50 ಪಿಪಿಎಂನದಾದರೆ 1500, ಇದ್ದದ್ದೆಲ್ಲ ಅದಕ್ಕೇ ಹೋಯಿತು. 20 ಪಿಪಿಎಂನದಾದರೆ 600. ಇನ್ನು ಸಾವಿರ ಉಳಿಯಿತು. 200 ಓಮ್ ರೆಸಿಸ್ಟರ್ 25 ಪಿಪಿಎಂನದು ಹಾಕಿದರೆ ಅದಕ್ಕೆ 750. ಒಟ್ಟು 1350, ಪೂರ್ಣ ಅಳತೆಯಲ್ಲಿ 0.85 ಸೆಂಟಿಮೀಟರಿನ ಆಸುಪಾಸು. ದಕ್ಕಿತು.

ಇಲ್ಲಿ ಒಂದು ಕ್ಷಣ ನಿಂತು ನೋಡಿ. ಈಗ ದೊಡ್ಡ ತಪ್ಪುಗಾರ ರೆಸಿಸ್ಟರು. ಇದಕ್ಕೆ 3 ಪಿಪಿಎಂನ ದುಬಾರಿ ರೆಫರೆನ್ಸ್ ತಂದರೆ ಉಪಯೋಗ ಅಷ್ಟಕ್ಕಷ್ಟೇ. ಮಾಮೂಲು 100 ಪಿಪಿಎಂನ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ ರೆಫರೆನ್ಸಿಗೆ ಮಾತ್ರ ನೂರಾರು ರೂಪಾಯಿ ಸುರಿಯುವುದು ಹರಕು ಚೀಲಕ್ಕೆ ರೇಷ್ಮೆಯ ದಾರ ಕಟ್ಟಿದಂತೆ.

ಮೊದಲ ಪುಟದ "ಶೇ. 0.1" ಎಲ್ಲಿ ಹೋಯಿತು? ಅದು 25 ಡಿಗ್ರಿಯಲ್ಲಿ, ಕಾರ್ಖಾನೆಯಿಂದ ಹೊರಬಂದ ದಿನದ ತಪ್ಪು. ಒಮ್ಮೆ ಅಳೆದು ಪ್ರೋಗ್ರಾಮಿನಲ್ಲಿ ತಿದ್ದಿಕೊಂಡರೆ ಮುಗಿಯಿತು. ಉಷ್ಣತೆಯ ಸರಿದಾಟವನ್ನು ಹಾಗೆ ತಿದ್ದಲಾಗುವುದಿಲ್ಲ, ತಿದ್ದಬೇಕೆಂದರೆ ಪ್ರತಿ ಬೋರ್ಡನ್ನೂ ಕಾಯಿಸಿ ಅಳೆಯಬೇಕು. ನೂರು ಬೋರ್ಡು ಮಾಡಿ, ಒಂದನ್ನೂ ಹೊಂದಿಸದೆ ಕಳಿಸುವವರಿಗೆ ಮಾತ್ರ ಮೊದಲ ನಿಖರತೆ ಮುಖ್ಯ. ಎಲ್‌ಎಂ4040 ಎಂಬ ರೆಫರೆನ್ಸ್ ಚಿಪ್ಪು ನೋಡಿ: ಎ ದರ್ಜೆ ಶೇ. 0.1, ಬಿ ಶೇ. 0.2, ಸಿ ಶೇ. 0.5. ಬೆಲೆ ಬೇರೆ ಬೇರೆ. ಆದರೆ ಮೂರಕ್ಕೂ ಉಷ್ಣತೆಯ ಸರಿದಾಟದ ಗರಿಷ್ಠ ಮಿತಿ ಒಂದೇ, 100 ಪಿಪಿಎಂ. ಹೊಂದಿಸುವ ಬೋರ್ಡಿಗೆ ಎ ದರ್ಜೆ ಕೊಂಡರೆ ಹೆಚ್ಚಿನ ಹಣ ನೀರಿಗೆ.

ಬಿಟ್‌ಗಳ ಭ್ರಮೆಯನ್ನೂ ಇಲ್ಲೇ ಬಿಡಿಸಿಕೊಳ್ಳಿ. ಇದೇ 30 ಡಿಗ್ರಿಯಲ್ಲಿ ಒಂದು ಪಾಲಿಗಿಂತ ಹೆಚ್ಚು ಸರಿಯಬಾರದು ಎಂದರೆ 10 ಬಿಟ್‌ಗೆ ಸುಮಾರು 32 ಪಿಪಿಎಂ ರೆಫರೆನ್ಸ್ ಸಾಕು, 12 ಬಿಟ್‌ಗೆ 8 ಬೇಕು, 16 ಬಿಟ್‌ಗೆ 0.5. ಆ ಕೊನೆಯದು ಮಾಮೂಲು ಚಿಪ್ಪುಗಳಿಗೆ ನಿಲುಕದ ಮಾತು. "16 ಬಿಟ್ ಲಾಗರ್ ಐತಿ ಸರ" ಎಂದು ಯಾರಾದರೂ ಹೇಳಿದರೆ, ಬಿಟ್ ಬಿಡಿ, ರೆಫರೆನ್ಸ್ ಯಾವುದು ಎಂದು ಕೇಳಿ.

ಡೇಟಾಶೀಟಿನ ಪಿಪಿಎಂ ಅಂಕಿಗೂ ಒಂದು ಒಳಗುಟ್ಟಿದೆ. ಇಡೀ ಉಷ್ಣತೆಯ ವ್ಯಾಪ್ತಿಯಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜಿನ ಅಂತರವನ್ನು ಆ ವ್ಯಾಪ್ತಿಯ ಡಿಗ್ರಿಗಳಿಂದ ಭಾಗಿಸಿ ಅದನ್ನು ಬರೆದಿರುತ್ತಾರೆ. ನಿಜದ ಗೆರೆ ಸಾಮಾನ್ಯವಾಗಿ ಕಮಾನಿನಂತೆಯೋ ಇಂಗ್ಲಿಷಿನ ಎಸ್ ಅಕ್ಷರದಂತೆಯೋ ಬಾಗಿರುತ್ತದೆ. ಒಂದೆಡೆ ಸಪಾಟು, ಇನ್ನೊಂದೆಡೆ ಕಡಿದು. ಹಾಗಾಗಿ ನಾನು ಮೇಲೆ ಮಾಡಿದ ಗುಣಾಕಾರ ಅಂದಾಜು ಮಾತ್ರ. ಡೇಟಾಶೀಟಿನ ಗ್ರಾಫಿನಲ್ಲಿ 15ರಿಂದ 60ರವರೆಗಿನ ತುಂಡನ್ನು ಕಣ್ಣಿಟ್ಟು ನೋಡಿ.

ಹೆಜ್ಜೆ 5: ಜಾತಿ ಯಾವುದು

ಬಿಡಿ ಜೀನರ್ ಡಯೋಡ್ ಬೇಡ. 5.6 ವೋಲ್ಟಿನ ಸುತ್ತಲಿನವು ಬಿಸಿಗೆ ಕಡಿಮೆ ಅಲ್ಲಾಡುತ್ತವೆ ನಿಜ, ಆದರೆ ಅಳತೆಗೆ ಅವನ್ನು ನೆಚ್ಚಿದ ಕಾಲ ಹೋಯಿತು. ಟಿಎಲ್431 ಎಂಬ ರೆಫರೆನ್ಸ್ ಚಿಪ್ಪು ಹಳೆಯ ಮೊಬೈಲ್ ಚಾರ್ಜರುಗಳ ಗುಜರಿಯಲ್ಲಿ ಬಹಳ ಸಿಗುತ್ತದೆ, 2.495 ವೋಲ್ಟ್, ಕನಿಷ್ಠ 1 ಮಿಲಿಆಂಪ್ ತಿನ್ನುತ್ತದೆ. ಬ್ಯಾಟರಿ ಚಾರ್ಜರಿಗೆ ಚೆನ್ನ, 12 ಬಿಟ್ ಅಳತೆಗೆ ನಾನಂತೂ ಹಾಕುವುದಿಲ್ಲ.

ಈಗ ಸಿಗುವ ಹೆಚ್ಚಿನವು ಬ್ಯಾಂಡ್‌ಗ್ಯಾಪ್ ಜಾತಿಯವು. ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬೇರೆ ಬೇರೆ ಕರೆಂಟ್ ಸಾಂದ್ರತೆಯ ಎರಡು ಟ್ರಾನ್ಸಿಸ್ಟರುಗಳ ನಡುವಿನ ಅಂತರ ಬಿಸಿಯೊಂದಿಗೆ ಏರುತ್ತದೆ. ಏರುವುದನ್ನು ತಕ್ಕಷ್ಟು ಹಿಗ್ಗಿಸಿ ಇಳಿಯುವುದಕ್ಕೆ ಕೂಡಿಸಿದರೆ 1.2 ವೋಲ್ಟಿನ ಹತ್ತಿರ ಒಂದು ಸ್ಥಿರ ವೋಲ್ಟೇಜ್ ಸಿಗುತ್ತದೆ. ಒಂದು ಎತ್ತು ಎಡಕ್ಕೆ, ಇನ್ನೊಂದು ಬಲಕ್ಕೆ ಎಳೆದು ಕುಂಟೆ ನೇರ ಹೋದಂತೆ. ಬಾಬ್ ವಿಡ್ಲರ್ 1970ರ ಆಸುಪಾಸಿನಲ್ಲಿ ಇದನ್ನು ಚಿಪ್ಪಿನೊಳಗೆ ತಂದ. ಮೇಲಿನ ದರ್ಜೆಯಲ್ಲಿ ಚಿಪ್ಪಿನ ಮೇಲ್ಮೈಯ ಕೆಳಗೆ ಹೂತ ಜೀನರ್‌ಗಳಿವೆ. ಅವುಗಳ ರಾಜ ಎಲ್‌ಟಿಜೆಡ್1000, ತನ್ನೊಳಗೇ ಹೀಟರ್ ಇಟ್ಟುಕೊಂಡು ಡಿಗ್ರಿಗೆ 0.05 ಪಿಪಿಎಂನಲ್ಲಿ ನಿಲ್ಲುತ್ತದೆ. ಎಂಟೂವರೆ ಅಂಕಿಯ ಮೀಟರುಗಳ ಹೊಟ್ಟೆಯಲ್ಲಿ ಇರುವುದು ಅದು. ನಮ್ಮ ಟಾಕಿಗೆ ಅಲ್ಲ.

ಬ್ಯಾಂಡ್‌ಗ್ಯಾಪ್‌ನಲ್ಲಿ ಷಂಟ್, ಸೀರೀಸ್ ಎಂದು ಎರಡು ಬಗೆ. ಷಂಟ್‌ಗೆ ಎರಡೇ ಕಾಲು, ಮೇಲೊಂದು ರೆಸಿಸ್ಟರ್ ಬೇಕು. 12 ಅಥವಾ 24 ವೋಲ್ಟಿನಿಂದ ನೇರವಾಗಿ ಇಳಿಸುವುದಿದ್ದರೆ ಅನುಕೂಲ. ಅದರ ರೆಸಿಸ್ಟರನ್ನು ಕಣ್ಣಂದಾಜಿನಲ್ಲಿ 1ಕೆ ಹಾಕುವುದು ನಮ್ಮ ಕಡೆಯ ಪದ್ಧತಿ. ಲೆಕ್ಕ ಕಷ್ಟವೇನಲ್ಲ. ಎಂಸಿಪಿ3208ರ ರೆಫರೆನ್ಸ್ ಪಿನ್ ಗರಿಷ್ಠ 150 ಮೈಕ್ರೋಆಂಪ್ ಎಳೆಯುತ್ತದೆ. ಎಲ್‌ಎಂ4040 ಬದುಕಿರಲು 100 ಮೈಕ್ರೋಆಂಪ್ ಬಿಡಿ. ಸ್ವಲ್ಪ ಸೇರಿಸಿ ಒಟ್ಟು 0.3 ಮಿಲಿಆಂಪ್. ಸಪ್ಲೈ ಅತಿ ಕಡಿಮೆ ಅಂದರೆ 4.75 ಎಂದಿಟ್ಟುಕೊಂಡರೆ ಅದಕ್ಕೂ ರೆಫರೆನ್ಸಿನ 4.096ಕ್ಕೂ ಅಂತರ 0.654 ವೋಲ್ಟ್. ಭಾಗಿಸಿದರೆ 2.18 ಕಿಲೋಓಮ್, ಹತ್ತಿರದ ಕೆಳಗಿನದು 2ಕೆ. ಸಪ್ಲೈ 5.25ಕ್ಕೆ ಏರಿದಾಗ 0.58 ಮಿಲಿಆಂಪ್, ಎಲ್‌ಎಂ4040 ತಡೆಯುವ 15 ಮಿಲಿಆಂಪ್‌ನ ಮುಂದೆ ಏನೂ ಅಲ್ಲ. ಕಡಿಮೆ ಸಪ್ಲೈಯಲ್ಲಿ ಹಸಿವಾಗಬಾರದು, ಹೆಚ್ಚು ಸಪ್ಲೈಯಲ್ಲಿ ಅಜೀರ್ಣವಾಗಬಾರದು, ಈ ಎರಡು ತುದಿ ನೋಡಿದರೆ ಸಾಕು.

ಸೀರೀಸ್ ಬಗೆಗೆ ಮೂರು ಕಾಲು, ರೆಗ್ಯುಲೇಟರಿನಂತೆಯೇ ಜೋಡಣೆ, ಬ್ಯಾಟರಿಯ ಖರ್ಚು ಕಡಿಮೆ. ನಾನು ಆರಿಸಿದ್ದು ಆರ್‌ಇಎಫ್3140: 4.096 ವೋಲ್ಟ್, ಗರಿಷ್ಠ 20 ಪಿಪಿಎಂ, ಶೇ. 0.2. ಹೆಜ್ಜೆ 4ರ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು.

ಸದ್ದಿನ (ನಾಯ್ಸ್, ಅಂದರೆ ವೋಲ್ಟೇಜಿನ ಸಣ್ಣ ನಡುಕ) ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಪಾಲು ಒಂದು ಮಿಲಿವೋಲ್ಟ್ ಇರುವಾಗ ರೆಫರೆನ್ಸಿನ ಕೆಲವು ಹತ್ತು ಮೈಕ್ರೋವೋಲ್ಟಿನ ಸದ್ದು ಕೇಳಿಸುವುದೇ ಇಲ್ಲ. 16 ಬಿಟ್ ದಾಟಿದ ಮೇಲೆ ಡೇಟಾಶೀಟಿನ 0.1ರಿಂದ 10 ಹರ್ಟ್ಜ್ ಸದ್ದಿನ ಸಾಲನ್ನು ಮೊದಲು ಓದಬೇಕಾಗುತ್ತದೆ, ಅಷ್ಟೆ.

ಹೆಜ್ಜೆ 6: ಬೋರ್ಡಿನ ಮೇಲೆ ಎಲ್ಲಿ, ಹೇಗೆ

ಒಳ್ಳೆಯ ರೆಫರೆನ್ಸ್ ತಂದು ಕೆಟ್ಟ ಜಾಗದಲ್ಲಿ ಕೂರಿಸಿ ಹಾಳು ಮಾಡುವುದು ಅತಿ ಸುಲಭ. ನಾನೇ ಮಾಡಿದ್ದೇನೆ.

ಎಂಸಿಪಿ3208ನಂಥ ಎಡಿಸಿ ಒಂದೊಂದು ಬಿಟ್ ನಿರ್ಧರಿಸುವಾಗಲೂ ರೆಫರೆನ್ಸ್ ಪಿನ್ನಿನಿಂದ ಒಂದು ಗುಟುಕು ಚಾರ್ಜ್ ಎಳೆದುಕೊಳ್ಳುತ್ತದೆ. ಗುಟುಕು ಸಣ್ಣದು, ಆದರೆ ಕ್ಷಣಾರ್ಧದಲ್ಲಿ ಬೇಕು. ರೆಫರೆನ್ಸ್ ಚಿಪ್ಪಿಗೆ ಅಷ್ಟು ಚುರುಕಿಲ್ಲ. ಆದ್ದರಿಂದ ಎಡಿಸಿಯ ಪಿನ್ನಿಗೆ ಅಂಟಿಕೊಂಡಂತೆ ಒಂದು ಕೆಪ್ಯಾಸಿಟರ್ ಬೇಕು, ಬಾಗಿಲ ಪಕ್ಕ ನೀರು ತುಂಬಿಟ್ಟ ಕೊಡದ ಹಾಗೆ. 1ರಿಂದ 10 ಮೈಕ್ರೋಫ್ಯಾರಡ್ ಸೆರಾಮಿಕ್ ಸಾಕು. ಆದರೆ ಸಣ್ಣ ಗಾತ್ರದ, 6.3 ವೋಲ್ಟಿನ ಸೆರಾಮಿಕ್ ಮೇಲೆ 4 ವೋಲ್ಟ್ ನಿಂತಾಗ ಅದು ತನ್ನ ಶಕ್ತಿಯ ಅರ್ಧದಷ್ಟನ್ನು ಕಳೆದುಕೊಳ್ಳಬಹುದು. 16 ಅಥವಾ 25 ವೋಲ್ಟಿನದು ಹಾಕಿ. ಹಿಟ್ಟಿನ ಗಿರಣಿಯಂಥ ನಡುಗುವ ಜಾಗವಾದರೆ ಇನ್ನೊಂದು ತಮಾಷೆ ಕಾದಿದೆ: ಇಂಥ ಸೆರಾಮಿಕ್‌ಗಳು ತಟ್ಟಿದರೆ ತಾವೇ ವೋಲ್ಟೇಜ್ ಹುಟ್ಟಿಸುತ್ತವೆ. ಎಲ್ಲ ರೆಫರೆನ್ಸುಗಳೂ ಎಲ್ಲ ಕೆಪ್ಯಾಸಿಟರುಗಳನ್ನು ಒಪ್ಪುವುದಿಲ್ಲ ಎಂಬುದನ್ನೂ ಮರೆಯಬೇಡಿ, ಕೆಲವು ಒಲ್ಲದ್ದನ್ನು ಕಟ್ಟಿದರೆ ತಾವೇ ಕುಣಿಯಲು ಶುರುಮಾಡುತ್ತವೆ. ಡೇಟಾಶೀಟಿನ ಆ ಪ್ಯಾರಾವನ್ನು ಹಾರಿಸಬೇಡಿ.

ಗ್ರೌಂಡ್ ಎಂಬುದು ಎಲ್ಲ ಕಡೆ ಸೊನ್ನೆ ಎಂದುಕೊಳ್ಳುವುದು ಎರಡನೆಯ ತಪ್ಪು. ಮಾಮೂಲು ಬೋರ್ಡಿನ ತಾಮ್ರದ ಗೆರೆ, ಒಂದು ಮಿಲಿಮೀಟರ್ ಅಗಲ, 40 ಮಿಲಿಮೀಟರ್ ಉದ್ದ ಇದ್ದರೆ ಅದರ ರೆಸಿಸ್ಟೆನ್ಸ್ ಸುಮಾರು 20 ಮಿಲಿಓಮ್. ಅದರಲ್ಲಿ ರಿಲೇಯ 70 ಮಿಲಿಆಂಪ್ ಹರಿದರೆ 1.4 ಮಿಲಿವೋಲ್ಟ್ ಎದ್ದು ನಿಲ್ಲುತ್ತದೆ. ರೆಫರೆನ್ಸಿನ ಗ್ರೌಂಡು ಈ ಗೆರೆಯ ಒಂದು ತುದಿಗೆ, ಎಡಿಸಿಯದು ಇನ್ನೊಂದು ತುದಿಗೆ ಇದ್ದರೆ ರಿಲೇ ಹತ್ತಿದಾಗಲೆಲ್ಲ ಟಾಕಿಯ ನೀರು ಕುಣಿಯುತ್ತದೆ. ರೆಫರೆನ್ಸ್, ಎಡಿಸಿ, 200 ಓಮ್ ರೆಸಿಸ್ಟರ್ ಮೂರರ ಗ್ರೌಂಡೂ ಒಂದೇ ಕಡೆ ಕೂಡಬೇಕು. ರಿಲೇ, ಮೋಡೆಮ್‌ಗಳ ಕರೆಂಟು ಬೇರೆ ದಾರಿ ಹಿಡಿಯಬೇಕು.

7805ರ ಪಕ್ಕದಲ್ಲಿ ರೆಫರೆನ್ಸ್ ಇಡಬೇಡಿ, ಒಲೆಯ ಪಕ್ಕ ಬೆಣ್ಣೆ ಇಟ್ಟಂತಾಗುತ್ತದೆ. ಬೋರ್ಡಿನ ನಡುವೆ, ಸ್ಕ್ರೂ ರಂಧ್ರಗಳ ನಡುವಿನ ಬಾಗುವ ಜಾಗದಲ್ಲೂ ಬೇಡ. ಬೋರ್ಡು ಬಾಗಿದರೆ ಚಿಪ್ಪಿನ ಮೇಲೆ ಒತ್ತಡ ಬಿದ್ದು ವೋಲ್ಟೇಜ್ ಸರಿಯುತ್ತದೆ. ಮೂಲೆಯ ಹತ್ತಿರ ಇಟ್ಟರೆ ಒತ್ತಡ ಕಡಿಮೆ. ಕೆಲವರು ಸುತ್ತ ಮೂರು ಕಡೆ ಸೀಳು ಕೊರೆಸುತ್ತಾರೆ, ದೊಡ್ಡ ನಿಖರತೆಗೆ ಅದು ಯೋಗ್ಯವೇ.

ಹೆಜ್ಜೆ 7: ಕೊಳ್ಳುವಾಗ ಬಾಲ ನೋಡಿ

ಚಿಪ್ಪಿನ ಹೆಸರಿನ ಕೊನೆಯ ಅಕ್ಷರಗಳಲ್ಲಿ ದರ್ಜೆ ಅಡಗಿರುತ್ತದೆ. ಎಲ್‌ಎಂ4040ರಲ್ಲಿ ಎ ಅಂದರೆ ಉತ್ತಮ. ಆರ್‌ಇಎಫ್5040ರಲ್ಲಿ ತಿರುವುಮುರುವು: ಎಐ ಎಂದಿದ್ದರೆ ಸಾಮಾನ್ಯ ದರ್ಜೆ, ಗರಿಷ್ಠ 8 ಪಿಪಿಎಂ. ಬರೀ ಐ ಇದ್ದರೆ ಮೇಲಿನ ದರ್ಜೆ, 3 ಪಿಪಿಎಂ. ಒಂದು ಅಕ್ಷರಕ್ಕೆ ಬೆಲೆಯೂ ಬದಲು, ಕೆಲಸವೂ ಬದಲು.

ಇವು ಹುಬ್ಬಳ್ಳಿಯ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬೆಂಗಳೂರಿನಿಂದ ತರಿಸಬೇಕು ಅಥವಾ ಅಧಿಕೃತ ವಿತರಕರಲ್ಲಿ ಆನ್‌ಲೈನ್ ಕೊಳ್ಳಬೇಕು. ಅರ್ಧ ಬೆಲೆಗೆ ಸಿಕ್ಕಿತೆಂದು ನಾನೊಮ್ಮೆ ಹತ್ತು ಚಿಪ್ಪು ತರಿಸಿದೆ. ಮೇಲೆ ಉತ್ತಮ ದರ್ಜೆಯ ಬರಹ. ಹೇರ್ ಡ್ರೈಯರ್ ಹಿಡಿದ ಕೂಡಲೇ ಐದಾರು ಮಿಲಿವೋಲ್ಟ್ ಓಡಿದವು. ಹೆಬ್ಬೆರಳಿಗೆ ಸ್ಪಿರಿಟ್ ಹಚ್ಚಿ ಉಜ್ಜಿದರೆ ಅಕ್ಷರವೂ ಮಾಸಿತು.

ಹೆಜ್ಜೆ 8: ಕಾಯಿಸಿ, ಅಳೆದು, ಹೊಂದಿಸಿ

ಬೆಸುಗೆ ಹಾಕಿದ ದಿನವೇ ಹೊಂದಿಸಬೇಡಿ. ಬೆಸುಗೆಯ ಕಾವಿಗೆ ಚಿಪ್ಪಿನ ಮೈ ಬಿಗಿದಿರುತ್ತದೆ. ದೀರ್ಘಕಾಲದ ಸರಿದಾಟವೂ ಮೊದಲ ಸಾವಿರ ಗಂಟೆಗಳಲ್ಲೇ ಹೆಚ್ಚು, ಆಮೇಲೆ ನಿಧಾನವಾಗುತ್ತದೆ. ಸಾವಿರ ಗಂಟೆ ಎಂದರೆ 42 ದಿನ. ಅಷ್ಟು ಕಾಯಲಾಗದಿದ್ದರೆ ಒಂದು ವಾರವಾದರೂ ಕರೆಂಟು ಕೊಟ್ಟು ಬಿಟ್ಟಿರಿ.

ಎಲ್ಲಕ್ಕಿಂತ ಮುಜುಗರದ ಪ್ರಶ್ನೆ: ಯಾವ ಮೀಟರಿನಿಂದ ಅಳೆಯುತ್ತೀರಿ? ಮೂರೂವರೆ ಅಂಕಿಯ ಕೈಮೀಟರ್ ಶೇ. 0.5 ತಪ್ಪಬಹುದು ಎಂದರೆ 4.096ರ ಮೇಲೆ 20 ಮಿಲಿವೋಲ್ಟ್. ಅಂಥ ಮೀಟರು ರೆಫರೆನ್ಸಿಗೆ ನ್ಯಾಯ ಹೇಳಲಾರದು, ರೆಫರೆನ್ಸೇ ಮೀಟರಿಗೆ ನ್ಯಾಯ ಹೇಳಬೇಕು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಆರೂವರೆ ಅಂಕಿಯ ಮೀಟರ್ ಇದ್ದರೆ ಒಂದು ಮಧ್ಯಾಹ್ನ ಕೇಳಿಕೊಳ್ಳಿ. ಪ್ರಮಾಣಪತ್ರ ಬೇಕೆಂದರೆ ಎನ್‌ಎಬಿಎಲ್ ಮಾನ್ಯತೆಯ ಕ್ಯಾಲಿಬ್ರೇಶನ್ ಲ್ಯಾಬಿಗೆ ಹೋಗಬೇಕು. ಅಲ್ಲಿಂದ ಸರಪಳಿ ಹಿಡಿದು ಹೋದರೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಸಿಗುತ್ತದೆ. ಅಲ್ಲಿ ವೋಲ್ಟನ್ನು ಕಾಯುವುದು ಹಿಮಕ್ಕಿಂತ ಎಷ್ಟೋ ಪಾಲು ತಣ್ಣಗಿನ, ಸೂಪರ್‌ಕಂಡಕ್ಟರಿನ ಜೋಸೆಫ್‌ಸನ್ ಜಂಕ್ಷನ್.

ಬಿಸಿಯ ಪರೀಕ್ಷೆಗೆ ನನ್ನ ಯಂತ್ರ ಇದು: ಮೀನಿನ ಲಾರಿಯಲ್ಲಿ ಬರುವಂಥ ಥರ್ಮೋಕೋಲ್ ಪೆಟ್ಟಿಗೆ, ಒಳಗೆ 40 ವ್ಯಾಟಿನ ಹಳೆಯ ಬಲ್ಬು, ಬಲ್ಬಿಗೂ ಬೋರ್ಡಿಗೂ ನಡುವೆ ಒಂದು ತಗಡಿನ ಅಡ್ಡ, ಒಂದು ಥರ್ಮಾಮೀಟರು. ಕೋಳಿಮರಿ ಮಾಡುವ ಪೆಟ್ಟಿಗೆಯಂತೆಯೇ. ಬಲ್ಬು ಹತ್ತಿಸಿ ಆರಿಸಿ 60 ಡಿಗ್ರಿಯ ಹತ್ತಿರ ಅರ್ಧ ಗಂಟೆ ನಿಲ್ಲಿಸಿ, ರೆಫರೆನ್ಸಿನ ವೋಲ್ಟೇಜನ್ನು ಹೊರಗಿರುವ ಮೀಟರಿನಲ್ಲಿ ಬರೆದುಕೊಳ್ಳಿ. ಮೀಟರು ಪೆಟ್ಟಿಗೆಯ ಹೊರಗೇ ಇರಲಿ, ಇಲ್ಲದಿದ್ದರೆ ಮೀಟರಿನ ಸರಿದಾಟವನ್ನೇ ಅಳೆದು ಕೂರುತ್ತೀರಿ. ಇಲ್ಲಿ ಮೀಟರು ಖಚಿತ ಇರಬೇಕಿಲ್ಲ, ಒಂದೆರಡು ಗಂಟೆ ಅಲ್ಲಾಡದಿದ್ದರೆ ಸಾಕು. ಆಮೇಲೆ ಬಲ್ಬು ಆರಿಸಿ, ತಣಿಸಿ, ಮತ್ತೆ ಅಳೆಯಿರಿ. ಹೊರಟ ಅಂಕಿಗೆ ಸರಿಯಾಗಿ ಮರಳದೆ ಕೆಲವು ಹತ್ತು ಪಿಪಿಎಂ ಹಿಂದೆ ಮುಂದೆ ನಿಂತರೆ ಗಾಬರಿಯಾಗಬೇಡಿ, ಅದು ಎಲ್ಲ ಚಿಪ್ಪಿನ ಸ್ವಭಾವ.

ನನ್ನ ಹೊಸ ಬೋರ್ಡಿನಲ್ಲಿ 30 ಡಿಗ್ರಿಗೂ 60 ಡಿಗ್ರಿಗೂ ನಡುವೆ ರೆಫರೆನ್ಸ್ ಸರಿದದ್ದು 1.3 ಮಿಲಿವೋಲ್ಟ್. ಲೆಕ್ಕದಲ್ಲಿ ಬಿಟ್ಟದ್ದು 2.5. 30 ಡಿಗ್ರಿಯಲ್ಲಿ ಅಳೆದ ಅಂಕಿಯನ್ನು ಪ್ರೋಗ್ರಾಮಿಗೆ ಹಾಕಿ, ಅದನ್ನೇ ತಾರೀಖಿನ ಸಮೇತ ಡಬ್ಬಿಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದೆ. ಮುಂದಿನ ವರ್ಷ ಯಾರು ತೆರೆದರೂ ಎಷ್ಟು ಸರಿದಿದೆ ಎಂದು ತಿಳಿಯಲಿ. ಡಬ್ಬಿಯನ್ನು ಪಡುವಣ ಗೋಡೆಯಿಂದ ಕಿತ್ತು ಬಡಗಣ ಗೋಡೆಗೆ ಹೊಡೆಸಿದೆ, ಅದರಿಂದಲೇ ಎಂಟು ಡಿಗ್ರಿ ಇಳಿಯಿತು. ಖರ್ಚು ನಾಲ್ಕು ಸ್ಕ್ರೂ.

ಮೇ ತಿಂಗಳ ಒಂದು ಮಧ್ಯಾಹ್ನ ನಾನೇ ಫೋನ್ ಮಾಡಿ ಕೇಳಿದೆ. ನೀರಗಂಟಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಒದ್ದೆಯಾದಷ್ಟನ್ನು ಟೇಪಿನಿಂದ ಅಳೆದು ಹೇಳಿದ:

"ಅರ್ಧ ಸೆಂಟಿ ಫರಕ್ ಬರತೈತಿ ನೋಡ್ರಿ ಸರ. ಇರ್ಲಿ ಬಿಡ್ರಿ, ಅಷ್ಟು ಈ ಹಗ್ಗನೂ ಹಿಗ್ಗತೈತಿ."